ಮೂರು ಸೆಕೆಂಡಿನ ಲೆಕ್ಕ

ಬಾಸ್ಕೆಟ್‌ಬಾಲ್ ನೋಡಲು ಹೋದವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಆಟಗಾರರ ಜೊತೆಜೊತೆಗೇ ಓಡುವ ರೆಫರಿಗಳ ನೆನಪಾಗುವುದು ಅವರು ಸೀಟಿ ಊದಿದಾಗ ಮಾತ್ರ, ಅದೂ ಬೈಯಲಿಕ್ಕೆ. ಅಂಕಣದ ಪಕ್ಕದಲ್ಲಿ ಮೇಜು ಹಾಕಿಕೊಂಡು ಕುಳಿತ ಸ್ಕೋರರ್, ಟೈಮರ್ ಯಾರೆಂದು ಕೇಳುವವರೇ ಇಲ್ಲ. ಆದರೆ ಈ ಆಟದ ಚರಿತ್ರೆಯನ್ನು ಓದುತ್ತಾ ಹೋದರೆ, ಎಷ್ಟೋ ಸಲ ಗೆಲುವು ಸೋಲು ನಿಂತಿದ್ದು ಇವರು ಇಟ್ಟ ಲೆಕ್ಕದ ಮೇಲೆ ಎಂಬುದು ಗೊತ್ತಾಗುತ್ತದೆ.

ನಾವು ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿಯುವವರು. ಎಣಿಸುವುದು, ಬರೆಯುವುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕುವುದು ನಮ್ಮ ದಿನನಿತ್ಯದ ಕೆಲಸ. ಗಲ್ಫಿಗೆ ಬಂದ ಮೇಲೆ ಫಿಲಿಪ್ಪೀನ್ಸ್‌ನ ಸಹೋದ್ಯೋಗಿಗಳ ಜೊತೆ ಸೇರಿ ರಜೆಯ ಸಂಜೆಗಳಲ್ಲಿ ಈ ಆಟ ನೋಡುವ ರೂಢಿಯೂ ಆಯಿತು. ಅವರಿಗೆ ಇದು ನಮಗೆ ಕ್ರಿಕೆಟ್ ಇದ್ದ ಹಾಗೆ. 2027ರ ಬಾಸ್ಕೆಟ್‌ಬಾಲ್ ವಿಶ್ವಕಪ್ ನಮ್ಮ ನೆರೆಯ ದೋಹಾಕ್ಕೇ ನಿಗದಿಯಾಗಿದೆ. ಆ ನೆಪದಲ್ಲಿ, ಪಂದ್ಯ ನಡೆಯುವಾಗ ರೆಫರಿಗಳು ಏನೇನನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು, ಆ ಲೆಕ್ಕ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಚರಿತ್ರೆಯಿಂದಲೇ ಆರಿಸಿ ಇಲ್ಲಿ ಹೇಳುತ್ತಿದ್ದೇವೆ.

ಮೊದಲ ಹದಿಮೂರು ನಿಯಮ

1891ರ ಡಿಸೆಂಬರ್ ತಿಂಗಳು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಚಳಿಗಾಲದಲ್ಲಿ ಒಳಗೇ ಆಡುವಂಥ ಆಟವೊಂದು ಬೇಕಾಗಿತ್ತು. ಕೆನಡಾ ಮೂಲದ ಯುವ ಅಧ್ಯಾಪಕ ಜೇಮ್ಸ್ ನೈಸ್ಮಿತ್ ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಾಂಜನಕ್ಕೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಕಟ್ಟಿಸಿದರು. ತರಗತಿಯಲ್ಲಿದ್ದ ಹದಿನೆಂಟು ಮಂದಿಯನ್ನು ಒಂಬತ್ತು ಒಂಬತ್ತಾಗಿ ಎರಡು ತಂಡ ಮಾಡಿದರು. ಫುಟ್‌ಬಾಲನ್ನೇ ಚೆಂಡಾಗಿ ಕೊಟ್ಟು, ಹದಿಮೂರು ನಿಯಮಗಳನ್ನು ಬರೆದು ಅಂಟಿಸಿದರು. ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಒಂದು ಗೋಲು.

ಆ ಹದಿಮೂರರಲ್ಲಿ ಹತ್ತನೆಯದು ಮತ್ತು ಹನ್ನೊಂದನೆಯದು ನಮ್ಮ ವಿಷಯಕ್ಕೆ ಸೇರಿದವು. ಹತ್ತನೆಯ ನಿಯಮ ಅಂಪೈರ್‌ಗೆ ಸಂಬಂಧಿಸಿದ್ದು. ಅವರು ನೋಡಬೇಕಾದದ್ದು ಆಟಗಾರರನ್ನು. ಫೌಲ್‌ಗಳನ್ನು ಗುರುತು ಹಾಕಿಕೊಳ್ಳಬೇಕು, ಒಂದು ತಂಡ ಸಾಲಾಗಿ ಮೂರು ಫೌಲ್ ಮಾಡಿದರೆ ರೆಫರಿಗೆ ತಿಳಿಸಬೇಕು. ಹನ್ನೊಂದನೆಯದು ರೆಫರಿಗೆ. ಅವರು ನೋಡಬೇಕಾದದ್ದು ಚೆಂಡನ್ನು. ಅದು ಆಟದಲ್ಲಿದೆಯೇ, ಗೆರೆಯೊಳಗಿದೆಯೇ, ಯಾರಿಗೆ ಸೇರಿದ್ದು ಎಂದು ಹೇಳಬೇಕು. ಗೋಲಾಯಿತೇ ಎಂದು ತೀರ್ಮಾನಿಸಿ ಗೋಲುಗಳ ಎಣಿಕೆ ಇಡಬೇಕು. ಸಮಯವನ್ನೂ ಅವರೇ ನೋಡಿಕೊಳ್ಳಬೇಕು.

ಅಂದರೆ ಆಟ ಹುಟ್ಟಿದ ದಿನವೇ ರೆಫರಿ ಎಂದರೆ ಲೆಕ್ಕದ ಮನುಷ್ಯ. ತಪ್ಪು ಹಿಡಿಯುವುದು ಅವರ ಅರ್ಧ ಕೆಲಸವಾದರೆ, ಎಷ್ಟು ಹೊತ್ತು ಉಳಿದಿದೆ, ಎಷ್ಟು ಅಂಕ ಬಂದಿದೆ, ಯಾರ ಹೆಸರಿನಲ್ಲಿ ಎಷ್ಟು ಫೌಲ್ ಇದೆ ಎಂದು ತಿಳಿದಿರುವುದು ಇನ್ನರ್ಧ.

ಆಟ ಬೆಳೆದಂತೆ ಇಬ್ಬರ ತಲೆಯಲ್ಲಿ ಇದೆಲ್ಲ ಹಿಡಿಯಲಿಲ್ಲ. ಬರೆಯಲು ಒಬ್ಬ ಸ್ಕೋರರ್ ಬಂದರು, ಗಡಿಯಾರಕ್ಕೆ ಒಬ್ಬ ಟೈಮರ್ ಬಂದರು. ಚೆಂಡನ್ನು ಸುಮ್ಮನೆ ಹಿಡಿದುಕೊಂಡು ಹೊತ್ತು ಕಳೆಯುವ ತಂಡಗಳೂ ಹುಟ್ಟಿಕೊಂಡವು. 1950ರ ನವೆಂಬರ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್‌ನ ಒಂದು ಪಂದ್ಯ 19-18ಕ್ಕೆ ಮುಗಿಯಿತು. ನೋಡುವವರಿಗೆ ಬೇಸರ ಬಂದರೆ ಟಿಕೆಟ್ ಕೊಳ್ಳುವವರು ಯಾರು? ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಕಾಗದದ ಮೇಲೆ ಒಂದು ಭಾಗಾಕಾರ ಮಾಡಿದರು. ಪಂದ್ಯ 48 ನಿಮಿಷದ್ದು, ಅಂದರೆ 2,880 ಸೆಕೆಂಡು. ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆಯುತ್ತವೆ. ಭಾಗಿಸಿದರೆ 24. ಹಾಗೆ 1954ರಲ್ಲಿ ಇಪ್ಪತ್ತನಾಲ್ಕು ಸೆಕೆಂಡಿನ ಗಡಿಯಾರ ಬಂತು. ಆಟಕ್ಕೆ ವೇಗ ಬಂತು, ರೆಫರಿಗೆ ಕಣ್ಣಿಡಲು ಎರಡನೆಯ ಗಡಿಯಾರವೂ ಬಂತು.

ಕೆಲಸ ಹೀಗೆ ಮೇಜಿನವರಿಗೆ ಹಂಚಿಹೋಯಿತು. ಆದರೆ ಮೇಜಿನ ಲೆಕ್ಕವೂ ಅಂಕಣದ ಲೆಕ್ಕವೂ ಒಂದೇ ಆಗಿದೆಯೇ ಎಂದು ನೋಡುವ ಹೊಣೆ ರೆಫರಿಯದೇ ಆಗಿ ಉಳಿಯಿತು. ಅದು ಎಷ್ಟು ದೊಡ್ಡ ಹೊಣೆ ಎಂದು ಜಗತ್ತಿಗೆ ತಿಳಿದದ್ದು 1972ರಲ್ಲಿ.

ಮ್ಯೂನಿಕ್, 1972

1936ರಲ್ಲಿ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ನ ಪದಕದ ಆಟವಾಯಿತು. ಅಂದಿನಿಂದ ಏಳು ಒಲಿಂಪಿಕ್ಸ್, ಏಳರಲ್ಲೂ ಚಿನ್ನ ಅಮೆರಿಕಕ್ಕೆ. ಮ್ಯೂನಿಕ್‌ನ ಫೈನಲ್‌ಗೆ ಬರುವಷ್ಟರಲ್ಲಿ ಅವರು ಒಲಿಂಪಿಕ್ಸ್‌ನಲ್ಲಿ ಆಡಿದ್ದು 63 ಪಂದ್ಯ, ಗೆದ್ದದ್ದು 63. ಎದುರಾಳಿ ಸೋವಿಯತ್ ಒಕ್ಕೂಟ. ಶೀತಲ ಸಮರದ ಕಾಲ. ಅಂಕಣದ ಹೊರಗಿನ ಹಟವೂ ಅಂಕಣದೊಳಗೆ ಬಂದಿತ್ತು. ಅಮೆರಿಕದ ಟಿ.ವಿ. ವೇಳೆಗೆ ಹೊಂದಿಸಲು ಪಂದ್ಯ ಶುರುವಾದದ್ದೇ ಸೆಪ್ಟೆಂಬರ್ 9ರ ರಾತ್ರಿ 11.45ಕ್ಕೆ. ಅಂಕಣದಲ್ಲಿದ್ದ ಅಧಿಕಾರಿಗಳು ಇಬ್ಬರು: ಬ್ರೆಜಿಲ್‌ನ ರೆನಾಟೊ ರಿಗೆಟ್ಟೊ, ಬಲ್ಗೇರಿಯಾದ ಆರ್ಟೆನಿಕ್ ಅರಬಾಜಿಯನ್.

ಪಂದ್ಯದ ಉದ್ದಕ್ಕೂ ಸೋವಿಯತ್ ಮುಂದಿತ್ತು. ಕೊನೆಯ ಕ್ಷಣಗಳಲ್ಲಿ ಅಂಕ 49-48. ಆಗ ಅಮೆರಿಕದ ಡಗ್ ಕಾಲಿನ್ಸ್ ಎದುರಾಳಿಯ ಪಾಸನ್ನು ಕಸಿದುಕೊಂಡು ಬುಟ್ಟಿಯತ್ತ ನುಗ್ಗಿದರು. ಸೋವಿಯತ್ ಆಟಗಾರ ಬಲವಾಗಿ ತಡೆದದ್ದರಿಂದ ನೆಲಕ್ಕೆ ಬಿದ್ದರು. ಫೌಲ್, ಎರಡು ಫ್ರೀ ಥ್ರೋ. ಗಡಿಯಾರದಲ್ಲಿ ಉಳಿದದ್ದು ಮೂರು ಸೆಕೆಂಡು.

ಮೊದಲನೆಯದು ಬಿತ್ತು, 49-49. ಎರಡನೆಯದಕ್ಕೆ ಕಾಲಿನ್ಸ್ ಕೈ ಎತ್ತಿರುವಾಗಲೇ ಮೇಜಿನ ಕಡೆಯಿಂದ ಹಾರ್ನ್ ಕೇಳಿಸಿತು. ಆದರೂ ಚೆಂಡು ಬುಟ್ಟಿಯೊಳಗೆ ಇಳಿಯಿತು, 50-49. ಹಾರ್ನ್ ಯಾಕೆ ಆಯಿತೆಂದು ಯಾರೂ ಆಟ ನಿಲ್ಲಿಸಿ ಕೇಳಲಿಲ್ಲ. ಸೋವಿಯತ್ ಆಟಗಾರರು ಚೆಂಡನ್ನು ಒಳಗೆಸೆದು ಓಡತೊಡಗಿದರು. ಅಷ್ಟರಲ್ಲಿ ಅವರ ತರಬೇತುದಾರರು ಮೇಜಿನ ಹತ್ತಿರ ಬಂದು, ತಾವು ಟೈಮ್ ಔಟ್ ಕೇಳಿದ್ದೆವು, ಕೊಡಲಿಲ್ಲ ಎಂದು ಗಲಾಟೆ ಮಾಡಿದರು. ಗದ್ದಲ ಕಂಡ ರಿಗೆಟ್ಟೊ ಸೀಟಿ ಊದಿ ಆಟ ನಿಲ್ಲಿಸಿದಾಗ ಗಡಿಯಾರ ತೋರಿಸುತ್ತಿದ್ದದ್ದು ಒಂದು ಸೆಕೆಂಡು.

ಆ ಕಾಲದ ನಿಯಮದ ಪ್ರಕಾರ ಟೈಮ್ ಔಟನ್ನು ಫ್ರೀ ಥ್ರೋಗಳ ಮೊದಲು ಅಥವಾ ನಡುವೆ ಪಡೆಯಬಹುದಿತ್ತು; ಎರಡನೆಯದು ಬುಟ್ಟಿಗೆ ಬಿದ್ದ ಮೇಲೆ ಕೊಡುವಂತಿರಲಿಲ್ಲ. ಸರಿಯಾದ ಹೊತ್ತಿಗೇ ಕೇಳಿದ್ದೆವು ಎಂಬುದು ಸೋವಿಯತ್ ಕೋಚ್ ವ್ಲಾಡಿಮಿರ್ ಕೊಂದ್ರಾಶಿನ್ ಅವರ ವಾದ. ಕೇಳಿದ್ದು ನಿಜವೇ, ಮೇಜಿನವರು ಅರ್ಥ ಮಾಡಿಕೊಂಡದ್ದು ಏನು, ಮಧ್ಯದ ಹಾರ್ನ್ ಅದಕ್ಕೇ ಆದದ್ದೇ, ಇವೆಲ್ಲ ಆ ಕ್ಷಣದಲ್ಲೇ ಒಬ್ಬರು ನೋಡಿ ಬಗೆಹರಿಸಬೇಕಾದ ಪ್ರಶ್ನೆಗಳಾಗಿದ್ದವು.

ಬಗೆಹರಿಸಲು ಬಂದವರು ಬೇರೆಯೇ ವ್ಯಕ್ತಿ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ಮಹಾಕಾರ್ಯದರ್ಶಿ ವಿಲಿಯಂ ಜೋನ್ಸ್ ಪ್ರೇಕ್ಷಕರ ಕಡೆಯಿಂದ ಇಳಿದು ಬಂದು, ಮೂರು ಬೆರಳು ತೋರಿಸಿ, ಮೂರು ಸೆಕೆಂಡು ವಾಪಸ್ ಇಡಿ ಎಂದರು. ಸಂಸ್ಥೆಯಲ್ಲಿ ಅವರ ಸ್ಥಾನ ದೊಡ್ಡದು. ನಡೆಯುತ್ತಿರುವ ಪಂದ್ಯದಲ್ಲಿ ತೀರ್ಪು ಕೊಡುವ ಅಧಿಕಾರ ಮಾತ್ರ ನಿಯಮಪುಸ್ತಕ ಅವರಿಗೆ ಕೊಟ್ಟಿರಲಿಲ್ಲ. ಆದರೂ ಮಾತು ನಡೆಯಿತು.

ಇನ್ನೊಂದು ಎಡವಟ್ಟು ಆಮೇಲೆ ಆಯಿತು. ಗಡಿಯಾರವನ್ನು ಮೂರಕ್ಕೆ ತಂದು ನಿಲ್ಲಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ, ಫಲಕದಲ್ಲಿ 50 ಸೆಕೆಂಡು ಕಾಣುತ್ತಿತ್ತು. ಅಷ್ಟರಲ್ಲೇ ಚೆಂಡನ್ನು ಸೋವಿಯತ್ ಆಟಗಾರನ ಕೈಗೆ ಕೊಡಲಾಯಿತು. ಅವರು ಆಡಿದರು, ಚೆಂಡು ಗುರಿ ತಪ್ಪಿತು, ಹಾರ್ನ್ ಆಯಿತು. ಅಮೆರಿಕದವರು ಗೆದ್ದೆವೆಂದು ಕುಣಿದರು, ಜನ ಅಂಕಣಕ್ಕೆ ನುಗ್ಗಿದರು. ಆದರೆ ಗಡಿಯಾರವೇ ಸಿದ್ಧವಿರಲಿಲ್ಲವಾದ್ದರಿಂದ ಆ ಆಟ ಲೆಕ್ಕಕ್ಕಿಲ್ಲ ಎಂದಾಯಿತು. ಜನರನ್ನು ಹೊರಗೆ ಕಳಿಸಿ, ಮೂರು ಸೆಕೆಂಡನ್ನು ಮೂರನೆಯ ಸಲ ಆಡಿಸಿದರು. ಇವಾನ್ ಎಡೆಶ್ಕೊ ಅಂಕಣದ ಈ ತುದಿಯಿಂದ ಆ ತುದಿಗೆ ಚೆಂಡನ್ನು ಎಸೆದರು. ಅಲೆಕ್ಸಾಂಡರ್ ಬೆಲೋವ್ ಇಬ್ಬರ ನಡುವೆ ಜಿಗಿದು ಹಿಡಿದು ಬುಟ್ಟಿಗೆ ಹಾಕಿದರು. 51-50.

ಅಮೆರಿಕ ದೂರು ಕೊಟ್ಟಿತು. ಹಂಗೇರಿ, ಪೋಲೆಂಡ್, ಕ್ಯೂಬಾ, ಇಟಲಿ, ಪೋರ್ಟೊರಿಕೊ ದೇಶಗಳ ಐವರ ಸಮಿತಿ 3-2 ಮತದಿಂದ ದೂರನ್ನು ತಳ್ಳಿಹಾಕಿತು. ಐವರಲ್ಲಿ ಮೂವರು ಸೋವಿಯತ್ ಬಣದ ದೇಶಗಳವರು ಎಂಬ ಮಾತು ಇಂದಿಗೂ ನಿಂತಿಲ್ಲ. ಸ್ಕೋರ್ ಶೀಟಿಗೆ ಸಹಿ ಹಾಕಲು ರಿಗೆಟ್ಟೊ ಒಪ್ಪಲಿಲ್ಲ. ಅಮೆರಿಕದ ಹನ್ನೆರಡು ಆಟಗಾರರಲ್ಲಿ ಯಾರೂ ಬೆಳ್ಳಿ ಪದಕ ತೆಗೆದುಕೊಳ್ಳಲು ಹೋಗಲಿಲ್ಲ. ತಮ್ಮ ನಂತರ ಹೆಂಡತಿ ಮಕ್ಕಳೂ ಅದನ್ನು ಸ್ವೀಕರಿಸಬಾರದೆಂದು ನಾಯಕ ಕೆನ್ನಿ ಡೇವಿಸ್ ತಮ್ಮ ಉಯಿಲಿನಲ್ಲೇ ಬರೆಸಿದರು.

ಇನ್ನೊಂದು ಕಡೆಯನ್ನೂ ನೋಡಬೇಕು. ಕೊನೆಯ ಚೆಂಡನ್ನು ಹಾಕಿದ ಬೆಲೋವ್ ಬದುಕಿದ್ದು ಆಮೇಲೆ ಆರೇ ವರ್ಷ. 1978ರಲ್ಲಿ, 26ನೆಯ ವಯಸ್ಸಿಗೆ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆಡು ಎಂದಾಗ ಆಡಿದ ಹುಡುಗ ಅವರು. ಮೂರು ಸೆಕೆಂಡನ್ನು ಯಾರು ಹೇಗೆ ಎಣಿಸಿದರು ಎಂಬುದು ಅವರ ತಪ್ಪಲ್ಲ. ಆದರೂ ಅವರ ಜೀವಮಾನದ ದೊಡ್ಡ ಬುಟ್ಟಿಯ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಉಳಿಯಿತು. ಲೆಕ್ಕ ತಪ್ಪಿದಾಗ ಸೋತವರಿಗೆ ಮಾತ್ರವಲ್ಲ, ಗೆದ್ದವರಿಗೂ ಅನ್ಯಾಯವಾಗುತ್ತದೆ.

ಐದು ಲೆಕ್ಕ

ಇಂದು ಫಿಬಾ ನಿಯಮದಡಿ ಆಡುವಾಗ ರೆಫರಿಗಳು ತಲೆಯಲ್ಲಿ ಇಟ್ಟುಕೊಂಡಿರಬೇಕಾದ ಲೆಕ್ಕಗಳನ್ನು ಐದಾಗಿ ಹೇಳಬಹುದು.

ಮೊದಲನೆಯದು ಸಮಯ. ಪಂದ್ಯ ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ಅದರೊಳಗೆ ಬುಟ್ಟಿಗೆ ಎಸೆಯಲು 24 ಸೆಕೆಂಡು. ತಮ್ಮ ಅರ್ಧದಿಂದ ಮುಂದಿನ ಅರ್ಧಕ್ಕೆ ಚೆಂಡು ದಾಟಿಸಲು 8. ಹೊರಗಿನಿಂದ ಚೆಂಡನ್ನು ಒಳಗೆಸೆಯಲು 5. ಎದುರಾಳಿಯ ಬುಟ್ಟಿಯ ಕೆಳಗಿನ ಚೌಕದಲ್ಲಿ ನಿಲ್ಲಲು 3. ಇವುಗಳಲ್ಲಿ ಐದನ್ನೂ ಮೂರನ್ನೂ ಯಾವ ಗಡಿಯಾರವೂ ತೋರಿಸುವುದಿಲ್ಲ, ರೆಫರಿಯೇ ಮನಸ್ಸಿನಲ್ಲಿ ಎಣಿಸಬೇಕು.

ಎರಡನೆಯದು ಅಂಕ. ಎಸೆದವನ ಕಾಲು 6.75 ಮೀಟರ್ ಗೆರೆಯ ಹೊರಗಿತ್ತೋ ಇಲ್ಲವೋ ಎಂಬುದರ ಮೇಲೆ ಮೂರೋ ಎರಡೋ ಎಂಬುದು ನಿಂತಿದೆ. ಬುಟ್ಟಿಗೆ ಬಿದ್ದಮೇಲೆ ಮೇಜಿನವರು ಬರೆದದ್ದು ಅಷ್ಟೇ ಹೌದೇ ಎಂದು ಫಲಕದತ್ತ ಒಮ್ಮೆ ಕಣ್ಣು ಹಾಯಿಸಬೇಕು.

ಮೂರನೆಯದು ಫೌಲ್. ಇದರಲ್ಲಿ ಎರಡು ಖಾತೆ. ಒಬ್ಬ ಆಟಗಾರನಿಗೆ ಐದಾದರೆ ಅವನು ಹೊರಗೆ. ತಂಡಕ್ಕೆ ಒಂದು ಭಾಗದಲ್ಲಿ ನಾಲ್ಕಾದರೆ, ಮುಂದಿನ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ನಾಲ್ಕಾಗಿದೆ ಎಂದು ತಿಳಿಸಲು ಮೇಜಿನ ಮೇಲೆ ಕೆಂಪು ಗುರುತು ಇಡುತ್ತಾರೆ. ಆ ಗುರುತನ್ನು ನೋಡದ ರೆಫರಿ ತಪ್ಪು ತೀರ್ಪು ಕೊಡುವುದು ಖಂಡಿತ.

ನಾಲ್ಕನೆಯದು ಟೈಮ್ ಔಟ್. ಮೊದಲರ್ಧದಲ್ಲಿ ಎರಡು, ಎರಡನೆಯ ಅರ್ಧದಲ್ಲಿ ಮೂರು. ಆ ಮೂರರಲ್ಲಿ ಕೊನೆಯ ಎರಡು ನಿಮಿಷಕ್ಕೆ ಎರಡಕ್ಕಿಂತ ಹೆಚ್ಚು ಬಳಸುವಂತಿಲ್ಲ. ಕೇಳುವವರು ಕೋಚ್ ಅಥವಾ ಅವರ ಮೊದಲ ಸಹಾಯಕರೇ ಆಗಿರಬೇಕು. ಸ್ಕೋರರ್‌ಗೆ ತಿಳಿಯುವಂತೆ ಸ್ಪಷ್ಟವಾಗಿ ಕೇಳಬೇಕು. ಕೊನೆಯ ಫ್ರೀ ಥ್ರೋ ಬುಟ್ಟಿಗೆ ಬಿದ್ದ ಮೇಲೂ ಈಗ ಟೈಮ್ ಔಟ್ ಸಿಗುತ್ತದೆ. ಮ್ಯೂನಿಕ್‌ನ ಆ ಗೊಂದಲಕ್ಕೆ ಇಂದಿನ ನಿಯಮದಲ್ಲಿ ಜಾಗ ಕಡಿಮೆ.

ಐದನೆಯದು ಚೆಂಡು ಯಾರದು ಎಂಬ ಲೆಕ್ಕ. ಇಬ್ಬರು ಒಟ್ಟಿಗೇ ಚೆಂಡನ್ನು ಹಿಡಿದು ಯಾರೂ ಬಿಡದಿದ್ದರೆ ಹಿಂದೆ ಪ್ರತಿಸಲ ಚೆಂಡನ್ನು ಮೇಲೆಸೆದು ಜಿಗಿಸುತ್ತಿದ್ದರು. ಈಗ ಅದು ಪಂದ್ಯದ ಆರಂಭಕ್ಕೆ ಮಾತ್ರ. ಆಮೇಲೆ ಮೇಜಿನ ಮೇಲಿರುವ ಬಾಣದ ಗುರುತು ಯಾವ ಕಡೆಗಿದೆಯೋ ಆ ತಂಡಕ್ಕೆ ಚೆಂಡು. ಕೊಟ್ಟ ಮೇಲೆ ಬಾಣ ತಿರುಗಬೇಕು. ತಿರುಗಿತೇ ಎಂದು ನೋಡುವುದೂ ಕೆಲಸವೇ.

ನಮ್ಮ ವೃತ್ತಿಯಲ್ಲೂ ಐದು 'ಸರಿ'ಗಳಿವೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಕೊಡುವ ಸರಿಯಾದ ದಾರಿ, ಸರಿಯಾದ ಹೊತ್ತು. ಐದರಲ್ಲಿ ನಾಲ್ಕು ಸರಿಯಾಗಿದ್ದು ಒಂದು ತಪ್ಪಿದರೂ ಕೆಲಸ ಕೆಟ್ಟಂತೆಯೇ. ನಿಯಂತ್ರಿತ ಔಷಧಗಳ ರಿಜಿಸ್ಟರನ್ನು ಶಿಫ್ಟ್ ಬದಲಾಗುವಾಗ ಇಬ್ಬರೂ ಕೂತು ಎಣಿಸಿ, ಇಬ್ಬರೂ ಸಹಿ ಹಾಕುತ್ತೇವೆ. ಇದರಲ್ಲಿ ಅಪನಂಬಿಕೆಯ ಮಾತಿಲ್ಲ. ಎರಡು ಜೋಡಿ ಕಣ್ಣು ಕಂಡದ್ದು ಒಂದೇ ಆಗಿದ್ದರೆ ಮುಂದಿನವರು ನಿಶ್ಚಿಂತೆಯಿಂದ ಕೆಲಸ ಹಿಡಿಯಬಹುದು, ಅಷ್ಟೇ.

ಬೆರಳಿನ ಭಾಷೆ

ಮ್ಯೂನಿಕ್‌ನಲ್ಲಿ ಒಬ್ಬ ರೆಫರಿ ಬ್ರೆಜಿಲ್‌ನವರು, ಒಬ್ಬರು ಬಲ್ಗೇರಿಯಾದವರು, ಆಟ ನಡೆದದ್ದು ಜರ್ಮನಿಯಲ್ಲಿ. ಇಂಥ ಪರಿಸ್ಥಿತಿ ಗಲ್ಫಿನಲ್ಲಿ ದುಡಿಯುವ ನಮಗೆ ಹೊಸದಲ್ಲ. ಒಂದೇ ಶಿಫ್ಟಿನಲ್ಲಿ ಕೇರಳದವರು, ಈಜಿಪ್ಟಿನವರು, ಮನಿಲಾದವರು, ಮಂಗಳೂರಿನವರು ಇರುತ್ತೇವೆ. ಬಾಯಿಮಾತಿನ ಆದೇಶವನ್ನು ಬರೆದುಕೊಂಡು, ಓದಿ ಹೇಳಿ, ಹೌದೆನ್ನಿಸಿಕೊಳ್ಳುವ ಪದ್ಧತಿ ಅದಕ್ಕೇ ಇದೆ. ರೆಫರಿಗಳು ಇದಕ್ಕೆ ಕಂಡುಕೊಂಡ ದಾರಿ ಕೈಸನ್ನೆ. ತೆರೆದ ಅಂಗೈ ಎತ್ತಿದರೆ ಗಡಿಯಾರ ನಿಲ್ಲಿಸಿ ಎಂದು. ಮುಷ್ಟಿ ಎತ್ತಿದರೆ ಫೌಲ್ ಎಂದು. ಎತ್ತಿದ ಕೈಯನ್ನು ಕತ್ತರಿಸುವಂತೆ ಇಳಿಸಿದರೆ ಗಡಿಯಾರ ಓಡಲಿ ಎಂದು. ಫೌಲ್ ಮಾಡಿದವನ ಅಂಗಿಯ ಸಂಖ್ಯೆಯನ್ನು ಬೆರಳಿನಲ್ಲೇ ಮೇಜಿಗೆ ತೋರಿಸಬೇಕು. ಬಹುಕಾಲ ಫಿಬಾ ಪಂದ್ಯಗಳಲ್ಲಿ ಅಂಗಿಗಳಿಗೆ 4ರಿಂದ 15ರವರೆಗಿನ ಸಂಖ್ಯೆಗಳನ್ನೇ ಕೊಡುತ್ತಿದ್ದರು. ಈಗ ದೊಡ್ಡ ಸಂಖ್ಯೆಗಳಿಗೂ ಅವಕಾಶವಿದೆ. 16 ಅಥವಾ ಅದಕ್ಕಿಂತ ಮೇಲಿನದಾದರೆ ಮೊದಲು ಕೈಯ ಹಿಂಭಾಗ ತೋರಿಸಿ ಹತ್ತರ ಸ್ಥಾನ, ಆಮೇಲೆ ಅಂಗೈ ತೋರಿಸಿ ಬಿಡಿ ಸ್ಥಾನ. ಭಾಷೆ ಬಾರದವರಿಗೂ ಎಣಿಕೆ ಬರುತ್ತದಲ್ಲ!

ಯಂತ್ರಗಳೂ ನೆರವಿಗೆ ಬಂದವು. 1990ರ ಜನವರಿಯಲ್ಲಿ ನ್ಯೂಯಾರ್ಕ್‌ನ ಟ್ರೆಂಟ್ ಟಕ್ಕರ್ ಎಂಬ ಆಟಗಾರ, ಗಡಿಯಾರದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಉಳಿದಿದ್ದಾಗ, ಚೆಂಡನ್ನು ಹಿಡಿದು ಎಸೆದು ಶಿಕಾಗೊ ವಿರುದ್ಧ ಪಂದ್ಯ ಗೆಲ್ಲಿಸಿಬಿಟ್ಟರು. ಅಷ್ಟು ಹೊತ್ತಿನಲ್ಲಿ ಹಿಡಿದು ಎಸೆಯುವುದು ಮನುಷ್ಯರಿಂದ ಆಗುವ ಮಾತೇ? ಟೈಮರ್‌ನ ಬೆರಳು ತಡವಾಗಿ ಒತ್ತಿತ್ತು ಎನ್ನದೆ ವಿಧಿಯಿಲ್ಲ. ಮುಂದೆ ನಿಯಮವೇ ಬಂತು: ಹಿಡಿದು ಎಸೆಯಲು ಕನಿಷ್ಠ 0.3 ಸೆಕೆಂಡು ಉಳಿದಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಚೆಂಡನ್ನು ಗಾಳಿಯಲ್ಲೇ ತಟ್ಟಿ ಅಥವಾ ನೇರ ಬುಟ್ಟಿಗೆ ತುರುಕಿ ಹಾಕಿದರೆ ಮಾತ್ರ ಅಂಕ. 2002ರಲ್ಲಿ ಹೊತ್ತು ಮುಗಿದ ಮೇಲೆ ಕೈಬಿಟ್ಟ ಎಸೆತವೊಂದಕ್ಕೆ ಅಮೆರಿಕದ ದೊಡ್ಡ ಲೀಗ್‌ನ ನಾಕೌಟ್ ಪಂದ್ಯದಲ್ಲಿ ಅಂಕ ಸಿಕ್ಕಿ ಗಲಾಟೆಯಾಯಿತು. ಅದೇ ವರ್ಷದ ಹೊಸ ಋತುವಿನಿಂದ ಕೊನೆಯ ಕ್ಷಣದ ಎಸೆತಗಳನ್ನು ವಿಡಿಯೊ ನೋಡಿ ತೀರ್ಮಾನಿಸುವ ಪದ್ಧತಿ ಅಲ್ಲಿ ಶುರುವಾಯಿತು. ಫಿಬಾದ ದೊಡ್ಡ ಪಂದ್ಯಗಳಲ್ಲೂ ಈಗ ಅದಿದೆ.

ಆದರೆ ಅಲ್ಲಿ ವಿಡಿಯೊ ನೋಡಿ ತೀರ್ಮಾನಿಸುವವರೂ ರೆಫರಿಯೇ. ಅಂಕ, ಫೌಲ್, ಟೈಮ್ ಔಟ್, ಗಡಿಯಾರ ಇವುಗಳಲ್ಲಿ ಮೇಜಿನವರ ಬರವಣಿಗೆ ತಪ್ಪಿದ್ದರೆ, ಮುಖ್ಯ ರೆಫರಿ ಸ್ಕೋರ್ ಶೀಟಿಗೆ ಸಹಿ ಹಾಕುವವರೆಗೂ ತಿದ್ದಬಹುದು. ಸಹಿ ಬಿದ್ದ ಮೇಲೆ ರೆಫರಿಗೂ ಆ ಪಂದ್ಯಕ್ಕೂ ಸಂಬಂಧ ಮುಗಿಯಿತು. ರಿಗೆಟ್ಟೊ ಯಾಕೆ ಪೆನ್ನು ಹಿಡಿಯಲಿಲ್ಲ ಎಂಬುದು ಇದನ್ನು ಓದಿದಾಗ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ನಾಡಿನ ಉದಾಹರಣೆ ಒಂದನ್ನೂ ಕೊಡಬಹುದು. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಅಂತರ ಎರಡೇ ಅಂಕ, ಒಂದು ಬುಟ್ಟಿಯಷ್ಟು. ಆ ಗೆಲುವನ್ನು ಇಂದು ನಾವು ಯಾವ ಅನುಮಾನವೂ ಇಲ್ಲದೆ ನಮ್ಮದೆನ್ನುತ್ತೇವೆ. ಆಟಗಾರ್ತಿಯರ ಬೆವರಿನ ಜೊತೆಗೆ, ಲೆಕ್ಕ ಸರಿಯಾಗಿ ಇಟ್ಟವರ ಪಾಲೂ ಅದರಲ್ಲಿದೆ. ಅವರ ಹೆಸರು ಯಾರಿಗೂ ನೆನಪಿಲ್ಲದಿರುವುದೇ ಅವರ ಕೆಲಸ ಚೆನ್ನಾಗಿ ನಡೆದದ್ದಕ್ಕೆ ಸಾಕ್ಷಿ.

ಗಲ್ಫಿನಲ್ಲಿ ನಮ್ಮಲ್ಲಿ ಬಹಳ ಮಂದಿ ಇಂಥ ಮೇಜಿನ ಹಿಂದೆ ಕುಳಿತವರೇ. ಸ್ಟೋರ್ ಕೀಪರ್, ಟೈಮ್ ಕೀಪರ್, ಗೇಟಿನಲ್ಲಿ ರಿಜಿಸ್ಟರ್ ಹಿಡಿದವರು, ರಾತ್ರಿ ಪಾಳಿಯ ನರ್ಸ್, ಸೈಟಿನಲ್ಲಿ ಸಿಮೆಂಟ್ ಮೂಟೆ ಎಣಿಸುವವರು. ಎಲ್ಲ ಸರಿಯಾಗಿದ್ದಾಗ ಯಾರೂ ನಮ್ಮನ್ನು ಕೇಳುವುದಿಲ್ಲ. ಒಂದು ಸಂಖ್ಯೆ ತಪ್ಪಿದರೆ ಎಲ್ಲರೂ ಹುಡುಕಿಕೊಂಡು ಬರುತ್ತಾರೆ. ಮೇಲಿನವರು ಬಂದು ಮೂರು ಬೆರಳು ತೋರಿಸಿ ಹೀಗೆ ಬರೆ ಎನ್ನುವುದೂ ಉಂಟು. ಆಗ ರಿಜಿಸ್ಟರಿನಲ್ಲಿ ನಮ್ಮದೇ ಕೈಬರಹದ ಲೆಕ್ಕ ಸ್ಪಷ್ಟವಾಗಿ ಇದ್ದರೆ ಮಾತ್ರ ನಿಂತು ಮಾತಾಡಲು ಒಂದು ನೆಲ ಸಿಗುತ್ತದೆ.

ಸಂಘದ ಕ್ರೀಡಾದಿನ ಬಂದಾಗ ಆಡಲು ಹೆಸರು ಕೊಡುವವರು ಬೇಕಾದಷ್ಟು ಜನ, ಸ್ಕೋರ್ ಬರೆಯಲು ಕೂರುವವರು ಇಲ್ಲ. ಈ ಸಲ ಕೆಲವರಾದರೂ ಆ ಮೇಜಿಗೆ ಬನ್ನಿ. ಪೆನ್ನು, ಗಡಿಯಾರ ನಾವು ತರುತ್ತೇವೆ.